ಅಪರೂಪದ ಗಿಡದಿಂದ ಅಲಂಕಾರ ವಿನ್ಯಾಸ: ಮೊದಲು ಎಸಳು ಎಣಿಸಿ

ಅಪರೂಪದ ಗಿಡವೊಂದರ ಹೂವನ್ನು ಚೆಂದವಾಗಿ ಬರೆದು ಸಾಲಾಗಿ ಜೋಡಿಸಿದರೆ ವಿನ್ಯಾಸ ಆಯಿತು ಅನ್ನಿಸುತ್ತದೆ ಅಲ್ವಾ? ಆದರೆ ಅಂಥ ಮಾದರಿಯಲ್ಲಿ ಆ ಹೂವಿನ ಬದಲು ಬೇರೆ ಹೂವು ಇಟ್ಟರೂ ಏನೂ ಬದಲಾಗುವುದಿಲ್ಲ. ಗಿಡದ ಕಟ್ಟು ಹೇಗಿದೆ, ಅದು ಮಾದರಿಯ ಲೆಕ್ಕಕ್ಕೆ ಹೇಗೆ ಕೂರುತ್ತದೆ ಅನ್ನುವುದೇ ಮುಖ್ಯ. ಎರಡು ಗಿಡ ಇಟ್ಟುಕೊಂಡು ನೋಡೋಣ.

ಮೊದಲನೆಯದು ಸೆರೋಪೀಜಿಯ, ಹೂ ಬಿಡುವ ಗಿಡಗಳ ಒಂದು ಕುಲ. ಇದರ ಹಲವು ಜಾತಿಗಳು ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಗೆಡ್ಡೆಯನ್ನು ತಿನ್ನಲು ಅಗೆಯುವುದೂ ಇವು ಕಮ್ಮಿಯಾಗಲು ಒಂದು ಕಾರಣ. ಹೂವನ್ನು ಪಕ್ಕದಿಂದ ನೋಡಿ. ಬುಡ ಉಬ್ಬಿದೆ, ಅದರ ಮೇಲೆ ಕೊಳವೆ. ತುದಿಯಲ್ಲಿ ಐದು ಎಸಳು ಒಂದಕ್ಕೊಂದು ಅಂಟಿಕೊಂಡು ಪುಟ್ಟ ಲಾಂದ್ರದ ಹಾಗೆ ನಿಂತಿವೆ. ಎಸಳುಗಳ ನಡುವೆ ಐದು ಕಿಂಡಿ. ಸಣ್ಣ ನೊಣ ಒಳಗೆ ಇಳಿದರೆ ಕೊಳವೆಯೊಳಗಿನ ಕೆಳಮುಖದ ಕೂದಲು ಅದನ್ನು ವಾಪಸ್ ಬಿಡುವುದಿಲ್ಲ. ಕೂದಲು ಬಾಡಿದ ಮೇಲೆ ನೊಣ ಪರಾಗ ಹೊತ್ತು ಹೊರಬರುತ್ತದೆ. ಹಾಗಾಗಿ ಕಿಂಡಿ, ಕೊಳವೆ, ಉಬ್ಬು ಈ ಮೂರನ್ನೂ ಬಿಡಬೇಡಿ. ಬಣ್ಣ ಬದಲಾಯಿಸಿ, ಎಲೆ ಸರಳ ಮಾಡಿ, ಪರವಾಗಿಲ್ಲ.

ಇಲ್ಲಿ ಒಂದು ತೊಡಕಿದೆ, ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕಾದದ್ದು. ಒಂದೇ ಘಟಕ, ಅಂದರೆ ಒಂದೇ ಚಿತ್ರದ ತುಂಡು, ಅಡ್ಡಕ್ಕೂ ಉದ್ದಕ್ಕೂ ಮರುಕಳಿಸುವ ಮಾದರಿಗಳು ಸಮ್ಮಿತಿಯ (ತಿರುಗಿಸಿದರೂ ಪ್ರತಿಬಿಂಬಿಸಿದರೂ ಹಾಗೇ ಕಾಣುವ ಗುಣದ) ಲೆಕ್ಕದಲ್ಲಿ ಒಟ್ಟು 17 ಬಗೆ. ರಷ್ಯಾದ ಹರಳುಶಾಸ್ತ್ರಜ್ಞ ಫೆಡೊರೊವ್ ಇದನ್ನು 1891ರಲ್ಲೇ ಸಾಧಿಸಿ ತೋರಿಸಿದರು. ಈ 17ರಲ್ಲಿ ಇಡೀ ಮಾದರಿಯನ್ನು ಒಂದು ಬಿಂದುವಿನ ಸುತ್ತ ತಿರುಗಿಸಿದರೆ ಅದು ತನ್ನ ಮೇಲೆ ತಾನೇ ಕೂರುವುದು ಪೂರ್ತಿ ಸುತ್ತನ್ನು 2, 3, 4 ಅಥವಾ 6 ಸಮ ಪಾಲು ಮಾಡಿ ಒಂದು ಪಾಲಿನಷ್ಟು ತಿರುಗಿಸಿದಾಗ ಮಾತ್ರ. ಐದಕ್ಕೆ ಜಾಗವೇ ಇಲ್ಲ. ಮೇಲಿನಿಂದ ಕಂಡ ಐದೆಸಳಿನ ಹೂವನ್ನು ಮಾದರಿಯಲ್ಲಿ ಇಡಬಹುದು, ಆದರೆ ಅದರ ಸುತ್ತ 72 ಡಿಗ್ರಿ ತಿರುಗಿಸಿದರೆ ಉಳಿದದ್ದೆಲ್ಲ ತಪ್ಪಿಹೋಗುತ್ತದೆ. ಹೂಗಳ ನಡುವೆ ಅಂಕುಡೊಂಕಾದ ಖಾಲಿ ಜಾಗ ಉಳಿಯುವುದು ಅದಕ್ಕೇ. ಸೆರೋಪೀಜಿಯವನ್ನು ಪಕ್ಕದಿಂದ ಬರೆಯಿರಿ ಅಂತ ನಾನು ಹೇಳುವುದೂ ಅದಕ್ಕೇ. ಆಗ ಎಡ-ಬಲ ಪ್ರತಿಬಿಂಬ ಒಂದೇ ಉಳಿಯುತ್ತದೆ. ಎದುರುಬದುರು ಎಲೆಗಳ ಬಳ್ಳಿಯೂ ಅದಕ್ಕೆ ಹೊಂದುತ್ತದೆ. ಅಂಚುಪಟ್ಟಿಗಂತೂ ಹೇಳಿ ಮಾಡಿಸಿದಂತಿದೆ.

ಎರಡನೆಯದು ಯೂರೋಪಿನ ಹುಲ್ಲುಗಾವಲಿನಲ್ಲಿ ಬೆಳೆಯುವ ಫ್ರಿಟಿಲರಿ ಅನ್ನುವ ಹೂಗಿಡ. ಇಂಗ್ಲೆಂಡಿನಲ್ಲಿ ಇದು ಈಗ ಕೆಲವೇ ಹುಲ್ಲುಗಾವಲುಗಳಲ್ಲಿ ಉಳಿದಿದೆ. ಕ್ರಿಕ್‌ಲೇಡ್ ಹತ್ತಿರದ ನಾರ್ತ್ ಮೆಡೊ ಅದಕ್ಕೆ ಹೆಸರುವಾಸಿ. ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಮಾರಿಸ್ 1876ರಲ್ಲಿ ಇದೇ ಹೂವನ್ನು ಸೇರಿಸಿ ಹತ್ತಿ ಬಟ್ಟೆಗೆ ಮಾದರಿ ಮಾಡಿದ್ದರು. ಇದಕ್ಕೆ ಆರು ಎಸಳು, ಮೂರು ಮೂರರ ಎರಡು ಸುತ್ತು. ಅಂದರೆ ತ್ರಿಕೋನದ ಜಾಲಕ್ಕೆ ಸಲೀಸಾಗಿ ಕೂರುತ್ತದೆ. ಎಸಳಿನ ಮೇಲೆ ನೇರಳೆ ಚೌಕಳಿ. ಹತ್ತಿರದಿಂದ ನೋಡಿದರೆ ಚೌಕಗಳು ಒಂದೇ ಅಳತೆಯವಲ್ಲ, ಎಸಳು ಬಾಗಿದ ಕಡೆ ಅವೂ ಬಾಗುತ್ತವೆ. ಸ್ಕೇಲ್ ಇಟ್ಟು ಗೆರೆ ಎಳೆದರೆ ಹೂವು ಸತ್ತಂತೆ ಕಾಣುತ್ತದೆ.

ಹೂವು ತಲೆ ತಗ್ಗಿಸಿ ನಿಲ್ಲುವುದರಿಂದ ಮಾದರಿಗೆ ಮೇಲು-ಕೆಳಗು ಬಂದುಬಿಡುತ್ತದೆ. ಅಂಥ ಬಟ್ಟೆ ಹೊಲಿಯುವಾಗ ತುಂಡುಗಳನ್ನೆಲ್ಲ ಒಂದೇ ದಿಕ್ಕಿಗೆ ಕತ್ತರಿಸಬೇಕು, ಬಟ್ಟೆ ಜಾಸ್ತಿ ಬೇಕಾಗುತ್ತದೆ. ಅದಕ್ಕೆ ಸುಮ್ನೆ ಕೆಲವು ಹೂವನ್ನು ತಲೆಕೆಳಗು ಮಾಡುವುದು ಸುಲಭದ ದಾರಿ, ಆದರೆ ಗಿಡಕ್ಕೆ ಅದು ಹೊಂದುವುದಿಲ್ಲ. ಉಪಾಯ ಗಿಡದಲ್ಲೇ ಇದೆ! ಕಾಯಿ ಕಟ್ಟಿದಾಗ ಅದೇ ತೊಟ್ಟು ನೆಟ್ಟಗಾಗಿ ಕಾಯಿ ಮೇಲ್ಮುಖವಾಗಿ ನಿಲ್ಲುತ್ತದೆ. ಕೆಳಕ್ಕೆ ಹೂವು, ಮೇಲಕ್ಕೆ ಕಾಯಿ ಇಟ್ಟರೆ ಎರಡೂ ದಿಕ್ಕಿಗೆ ತೂಕ ಸಿಗುತ್ತದೆ, ಗಿಡದ ಬದುಕೂ ಮಾದರಿಯೊಳಗೆ ಬರುತ್ತದೆ. ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದದ್ದು ಇದೇ.

ಸಾಲುಗಳು ಎದ್ದು ಕಾಣದಿರಲು ಪ್ರತಿ ಎರಡನೇ ಉದ್ದಸಾಲನ್ನು (ಮೇಲಿನಿಂದ ಕೆಳಕ್ಕೆ ಹೋಗುವ ಸಾಲು) ಘಟಕದ ಅರ್ಧದಷ್ಟು ಕೆಳಗಿಳಿಸಿ.

ನೋಡಿ ಬರೆಯಲು ಹೂವು ಕೀಳಬೇಡಿ. ಒಣಗಿಸಿಟ್ಟ ಸಸ್ಯಗಳ ಸಂಗ್ರಹಾಲಯದ ಹಾಳೆಗಳು ಆನ್‌ಲೈನ್‌ನಲ್ಲೂ ಸಿಗುತ್ತವೆ. ಎಲೆ, ತೊಟ್ಟಿನ ಜೋಡಣೆ ಅದರಲ್ಲಿ ಸ್ಪಷ್ಟ. ಬಣ್ಣ, ಆಳ ಮಾತ್ರ ಸಿಗುವುದಿಲ್ಲ, ಅದಕ್ಕೆ ಫೋಟೊ ಬೇಕು. ನೀವೇ ತೆಗೆದ ಫೋಟೊ ಹಂಚುವುದಾದರೆ ಒಳಗೆ ಸೇರಿಕೊಂಡಿರುವ ಜಾಗದ ಮಾಹಿತಿ ಅಳಿಸಿ. ಅಪರೂಪದ ಗಿಡ ಕದಿಯುವವರಿಗೆ ಅಷ್ಟು ಸಾಕು. ವಿನ್ಯಾಸದ ಜತೆ ಜಾತಿಯ ಹೆಸರು ಇರಲಿ, ಗಿಡ ಸಿಕ್ಕ ಜಾಗದ ಹೆಸರು ಬೇಡ.