ನೋವು ಮರೆಸುವ ಇಂಜೆಕ್ಷನ್ ಮತ್ತು ವೃತ್ತಿಪರ ಆಟ: ಪರೀಕ್ಷೆಗೆ ಓದುವವರಿಗೆ ಒಂದು ಟಿಪ್ಪಣಿ

"ವೃತ್ತಿಪರ ಕ್ರೀಡೆಯಲ್ಲಿ ನೋವು ನಿವಾರಕ ಇಂಜೆಕ್ಷನ್‌ಗೆ ಅವಕಾಶ ಇರಬೇಕೇ? ಚರ್ಚಿಸಿ." ದೈಹಿಕ ಶಿಕ್ಷಣ ಓದುವ ನಮಗೆ ಇಂಥ ಪ್ರಶ್ನೆ ಬಂದರೆ ಹೆಚ್ಚಿನವರು ಡೋಪಿಂಗ್, ಅಂದರೆ ನಿಷೇಧಿತ ಉದ್ದೀಪನ ಮದ್ದಿನ ಸೇವನೆ, ಬಗ್ಗೆ ಎರಡು ಪುಟ ತುಂಬಿಸಿ ಎದ್ದು ಬರುತ್ತಾರೆ. ಅದು ಬೇರೆ ಪ್ರಶ್ನೆಯ ಉತ್ತರ. ಇಲ್ಲಿ ಕೇಳಿದ್ದು ಕಾನೂನು ನಿಷೇಧಿಸದೆ ಬಿಟ್ಟಿರುವ ಮದ್ದಿನ ಬಗ್ಗೆ. ಕಾಸರಗೋಡಿನ ಕನ್ನಡ ಮಾಧ್ಯಮದಿಂದ ಬಂದವರಿಗೆ ಕಾಲೇಜಿನ ಪುಸ್ತಕ ಇಂಗ್ಲಿಷಿನಲ್ಲಿ, ಪಾಠದ ಮಾತು ಮಲಯಾಳದಲ್ಲಿ. ನಡುವೆ ವಿಷಯ ಎಲ್ಲೋ ಸೋರಿ ಹೋಗುತ್ತದೆ. ಹಾಗಾಗಿ ನನಗೆ ಅರ್ಥವಾದಷ್ಟನ್ನು ನಮ್ಮ ಭಾಷೆಯಲ್ಲಿ ಬರೆದಿಟ್ಟಿದ್ದೇನೆ.

ಯಾವ ಇಂಜೆಕ್ಷನ್?

ಮೊದಲ ಸಾಲಿನಲ್ಲೇ ಇದನ್ನು ಬಿಡಿಸಿ ಹೇಳಿ. ನೋವಿಗೆ ಕೊಡುವ ಸೂಜಿ ಎಲ್ಲ ಒಂದೇ ಅಲ್ಲ.

ಡೈಕ್ಲೋಫೆನಾಕ್, ಕೆಟೊರೊಲ್ಯಾಕ್ ನಮಗೆ ಪರಿಚಯದವು. ಸೊಂಟ ಹಿಡಿದುಕೊಂಡರೆ ಕ್ಲಿನಿಕ್‌ನಲ್ಲಿ ಹಿಂಬದಿಗೆ ಚುಚ್ಚುವುದು ಇಂಥವನ್ನೇ. ಇವು ಉರಿಯೂತ ಇಳಿಸುತ್ತವೆ. ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಇವುಗಳನ್ನು ನಿಷೇಧಿಸಿಲ್ಲ. ಕಾರ್ಟಿಸೋನ್ ಜಾತಿಯ ಸ್ಟೀರಾಯ್ಡ್‌ಗಳದ್ದು ಬೇರೆ ಲೆಕ್ಕ. 2022ರ ಜನವರಿ 1ರಿಂದ ಅವನ್ನು ದೇಹದ ಯಾವ ಭಾಗಕ್ಕೆ ಚುಚ್ಚಿದರೂ ಸ್ಪರ್ಧೆಯ ಹೊತ್ತಿನಲ್ಲಿ ತಪ್ಪು. ಮೊದಲೇ ತೆಗೆದುಕೊಂಡಿದ್ದರೆ ಮೈಯಿಂದ ಹೊರಹೋಗಲು ಕಾಯಬೇಕು. ಟ್ರಯಾಮ್ಸಿನೊಲೋನ್ ಅನ್ನು ಸ್ನಾಯುವಿಗೆ ಕೊಟ್ಟಿದ್ದರೆ ಆ ಕಾಯುವಿಕೆ 60 ದಿನ! ಮೂರನೆಯದು ಅಫೀಮಿನ ಬಳಗ. ಮಾರ್ಫಿನ್ ಬಹಳ ಹಿಂದಿನಿಂದಲೂ ನಿಷಿದ್ಧ. ಟ್ರಮಡಾಲ್ ಸ್ಪರ್ಧೆಯ ವೇಳೆ ನಿಷೇಧವಾದದ್ದು 2024ರ ಜನವರಿಯಿಂದ. ಸೈಕ್ಲಿಂಗ್ ಸಂಸ್ಥೆ ಯುಸಿಐ ಮಾತ್ರ 2019ರಲ್ಲೇ ಬೇಡ ಅಂದಿತ್ತು. 2022ರ ಟೂರ್ ಡಿ ಫ್ರಾನ್ಸ್‌ನಲ್ಲಿ ಆರನೆಯ ಸ್ಥಾನ ಪಡೆದಿದ್ದ ಕೊಲಂಬಿಯಾದ ನೈರೋ ಕಿಂಟಾನಾ ಅವರ ರಕ್ತದಲ್ಲಿ ಅದು ಸಿಕ್ಕಿ, ಆ ಸ್ಥಾನವೇ ಹೋಯಿತು.

ನಾಲ್ಕನೆಯದೇ ಈ ಪ್ರಶ್ನೆಯ ಜೀವ: ಲಿಗ್ನೊಕೇನ್, ಬ್ಯುಪಿವಕೇನ್‌ನಂಥ ಮರಗಟ್ಟಿಸುವ ಮದ್ದು. ಹಲ್ಲು ಕೀಳುವಾಗ ವಸಡಿಗೆ ಚುಚ್ಚುತ್ತಾರಲ್ಲ, ಅದೇ ಜಾತಿ. 1990ರ ದಶಕದಲ್ಲಿ ಒಲಿಂಪಿಕ್ ಸಮಿತಿಯ ಪಟ್ಟಿಯಲ್ಲಿ ಇವಕ್ಕೆ "ಷರತ್ತಿನ ಮೇಲೆ ಮಾತ್ರ" ಎಂಬ ಜಾಗ ಇತ್ತು. ವೈದ್ಯಕೀಯ ಕಾರಣ ಇರಬೇಕಿತ್ತು. ಈಗಿನ ವಾಡಾ ಪಟ್ಟಿಯಲ್ಲಿ ಅದೂ ಇಲ್ಲ. ಪಂದ್ಯಕ್ಕೆ ಹತ್ತು ನಿಮಿಷ ಮೊದಲು ಕಾಲಿಗೆ ಚುಚ್ಚಿಸಿಕೊಂಡು ಮೈದಾನಕ್ಕೆ ಇಳಿದರೆ ಉದ್ದೀಪನ ಮದ್ದಿನ ಕಾನೂನಿನಲ್ಲಿ ತಪ್ಪೇ ಅಲ್ಲ.

ಮದ್ದು ಒಳಗೆ ಏನು ಮಾಡುತ್ತದೆ?

ನರದಲ್ಲಿ ಸುದ್ದಿ ಸಾಗಬೇಕಾದರೆ ಸೋಡಿಯಂ ಕಣಗಳು ನರತಂತುವಿನ ಒಳಕ್ಕೆ ನುಗ್ಗಬೇಕು. ಲಿಗ್ನೊಕೇನ್ ಆ ಬಾಗಿಲನ್ನು ಮುಚ್ಚುತ್ತದೆ. ಪೆಟ್ಟು ಇದ್ದಲ್ಲೇ ಇರುತ್ತದೆ, ಸುದ್ದಿ ಮಾತ್ರ ಮಿದುಳಿಗೆ ಮುಟ್ಟುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಕೆಲಸ ಶುರು, ಒಂದೆರಡು ಗಂಟೆ ಬಾಳಿಕೆ. ಬ್ಯುಪಿವಕೇನ್ ಇನ್ನೂ ಜಾಸ್ತಿ ಹೊತ್ತು ನಿಲ್ಲುತ್ತದೆ. ಕಬಡ್ಡಿ ಪಂದ್ಯ 40 ನಿಮಿಷ, ಫುಟ್‌ಬಾಲ್ 90 ನಿಮಿಷ. ಲೆಕ್ಕ ಸರಿಯಾಗಿ ಕೂರುತ್ತದೆ, ಅಲ್ವಾ?

ಎಷ್ಟು ಕೊಡಬಹುದು ಎಂಬುದಕ್ಕೆ ಒಂದು ಲೆಕ್ಕ ಬಾಯಿಪಾಠ ಇರಲಿ. ಅಡ್ರಿನಲಿನ್ ಸೇರಿಸದ ಲಿಗ್ನೊಕೇನ್‌ಗೆ ಮಿತಿ ಕಿಲೋ ತೂಕಕ್ಕೆ ಸುಮಾರು 4.5 ಮಿಲಿಗ್ರಾಂ. 60 ಕಿಲೋದ ಆಟಗಾರನಿಗೆ 270 ಮಿಲಿಗ್ರಾಂ. ಶೇ. 2ರ ಮದ್ದಿನ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಇರುತ್ತದೆ. ಅಂದರೆ 13.5 ಮಿಲಿಲೀಟರ್‌ಗೆ ಮಿತಿ ಮುಗಿಯಿತು. ಮೀರಿದರೆ, ಅಥವಾ ಸೂಜಿ ತಪ್ಪಿ ರಕ್ತನಾಳಕ್ಕೆ ಹೋದರೆ, ಬಾಯಿಯ ಸುತ್ತ ಜೋಮು, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಆಮೇಲೆ ಫಿಟ್ಸ್, ಹೃದಯದ ತಾಳ ತಪ್ಪುವುದು.

ಆದರೆ ಆಟದ ಮಟ್ಟಿಗೆ ದೊಡ್ಡ ತೊಂದರೆ ವಿಷವಲ್ಲ. ನೋವಿನ ಜೊತೆಗೆ ಇನ್ನೊಂದು ಸುದ್ದಿಯೂ ನಿಂತುಹೋಗಬಹುದು: ಕೀಲು ಯಾವ ಕೋನದಲ್ಲಿದೆ, ಪಾದ ನೆಲವನ್ನು ಹೇಗೆ ಮುಟ್ಟಿದೆ ಎಂಬ ಅರಿವು. ಅಡಿಕೆ ಮರ ಹತ್ತುವವರ ಪಾದ ಜೋಮು ಹಿಡಿದಿದ್ದರೆ ಹೇಗಿರುತ್ತದೆ ಅಂತ ಯೋಚಿಸಿ. ನೋವು ಇಲ್ಲ ಸರಿ, ಕಾಲು ಎಲ್ಲಿದೆ ಅಂತಲೂ ಗೊತ್ತಿಲ್ಲ. ಪಾದದ ಗಂಟು ತಿರುಚಿದವನಿಗೆ ಇಂಜೆಕ್ಷನ್ ಕೊಟ್ಟು ಓಡಿಸಿದರೆ ಅದೇ ಗಂಟು ಇನ್ನೊಮ್ಮೆ ತಿರುಚುವ ಸಂಭವ ಈ ಕಾರಣಕ್ಕೆ. ಕೀಲಿನ ಒಳಗೇ ಬ್ಯುಪಿವಕೇನ್ ಹಾಕಿದರೆ ಮೃದ್ವಸ್ಥಿಯ ಜೀವಕೋಶಗಳಿಗೂ ಅದು ಒಳ್ಳೆಯದಲ್ಲ.

ಎಲ್ಲಿಗೆ ಚುಚ್ಚುತ್ತಾರೆ ಎಂಬುದೇ ಮುಖ್ಯ

ಆಸ್ಟ್ರೇಲಿಯಾದ ಕ್ರೀಡಾ ವೈದ್ಯ ಜಾನ್ ಆರ್ಚರ್ಡ್ ಅಲ್ಲಿನ ವೃತ್ತಿಪರ ಫುಟ್‌ಬಾಲ್ ಆಟಗಾರರಿಗೆ ಕೊಟ್ಟ ಮರಗಟ್ಟಿಸುವ ಇಂಜೆಕ್ಷನ್‌ಗಳ ಬಗ್ಗೆ ವರ್ಷಗಟ್ಟಲೆ ದಾಖಲೆ ಇಟ್ಟು ಬರೆದಿದ್ದಾರೆ. ಅವರ ಮಾತಿನ ಸಾರ ಇಷ್ಟು: ಬೆರಳು, ಪಕ್ಕೆಲುಬು, ಹೆಗಲಿನ ತುದಿಯ ಕೀಲು, ಸೊಂಟದ ಮೂಳೆಯ ಅಂಚು, ಇವುಗಳಲ್ಲಿ ಅಪಾಯ ಕಡಿಮೆ. ಮೊಣಕಾಲು, ಪಾದದ ಗಂಟು, ಹಿಮ್ಮಡಿಯ ಸ್ನಾಯುರಜ್ಜು, ಬಿರುಕು ಬಿಟ್ಟ ಮೂಳೆ, ಇಲ್ಲೆಲ್ಲ ಅಪಾಯ ಜಾಸ್ತಿ. ಮೈಭಾರ ಹೊರುವ ಜಾಗವೋ ಅಲ್ಲವೋ ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡರೆ ಈ ಪಟ್ಟಿ ಮರೆಯುವುದಿಲ್ಲ.

ಇಲ್ಲಿ ನಮ್ಮವರು ಅನಿಲ್ ಕುಂಬ್ಳೆಯವರನ್ನು ಎಳೆದು ತರುತ್ತಾರೆ. ನಮ್ಮ ಕುಂಬಳೆಯ ಹೆಸರು ಹೊತ್ತವರು, ಹೆಮ್ಮೆ ಇರುವುದು ಸಹಜ. 2002ರ ಮೇ ತಿಂಗಳಲ್ಲಿ ಆಂಟಿಗಾದಲ್ಲಿ ದವಡೆ ಮುರಿದುಕೊಂಡು, ಮುಖಕ್ಕೆ ಪಟ್ಟಿ ಸುತ್ತಿಕೊಂಡು 14 ಓವರ್ ಬೌಲ್ ಮಾಡಿ ಲಾರಾ ಅವರ ವಿಕೆಟ್ ತೆಗೆದರು. ಬರೆಯಿರಿ, ಆದರೆ ಸರಿಯಾದ ಕಾರಣಕ್ಕೆ. ಲೆಗ್ ಸ್ಪಿನ್ ಹಾಕಲು ದವಡೆ ಬೇಕಾಗಿಲ್ಲ. ಓವರ್ ಹಾಕುತ್ತಾ ಹೋದಂತೆ ಮುರಿದ ಜಾಗಕ್ಕೆ ಭಾರ ಏರುವುದಿಲ್ಲ. ಅದೇ ಮುಂಗಾಲಿನ ಮೂಳೆ ಬಿರುಕು ಬಿಟ್ಟಿದ್ದ ವೇಗದ ಬೌಲರ್ ಆಗಿದ್ದರೆ ಕಥೆ ಪೂರ್ತಿ ಬೇರೆ.

ಬೇರೆ ಕಥೆ ಹೇಗಿರುತ್ತದೆ ಎಂಬುದಕ್ಕೆ ಬಿಲ್ ವಾಲ್ಟನ್ ಸಾಕ್ಷಿ. ಪೋರ್ಟ್‌ಲ್ಯಾಂಡ್ ತಂಡದ ಬಾಸ್ಕೆಟ್‌ಬಾಲ್ ಆಟಗಾರ. 1978ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಅತ್ಯುತ್ತಮ ಆಟಗಾರ ಎಂಬ ಪ್ರಶಸ್ತಿ ಅವರದು. ಅದೇ ವರ್ಷದ ಪ್ಲೇ ಆಫ್‌ನಲ್ಲಿ ನೋಯುತ್ತಿದ್ದ ಪಾದಕ್ಕೆ ಇಂಜೆಕ್ಷನ್ ಪಡೆದು ಆಡಿದರು. ಆಮೇಲೆ ನೋಡಿದರೆ ಪಾದದ ನವಿಕ್ಯುಲರ್ ಮೂಳೆ ಮುರಿದಿತ್ತು. ಮುಂದಿನ ಸೀಸನ್ ಪೂರ್ತಿ ಅವರು ಆಡಲೇ ಇಲ್ಲ. ಹಿಂದಿನ ಓಟ ಮತ್ತೆ ಬರಲೂ ಇಲ್ಲ.

ಹಾಗಂತ "ಅಪಾಯ ಕಡಿಮೆ" ಅನ್ನುವ ಜಾಗವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಟೈರಾಡ್ ಟೇಲರ್ ಅವರಿಗೆ ಪಕ್ಕೆಲುಬಿನ ನೋವಿಗೆ ಪಂದ್ಯಕ್ಕೆ ಮೊದಲು ತಂಡದ ವೈದ್ಯರು ಇಂಜೆಕ್ಷನ್ ಕೊಟ್ಟರು. ಸೂಜಿ ಶ್ವಾಸಕೋಶಕ್ಕೆ ತಾಗಿತು. ಅವತ್ತು ಅವರ ಬದಲು ಇಳಿದ ಹೊಸ ಹುಡುಗ ಜಸ್ಟಿನ್ ಹರ್ಬರ್ಟ್ ಆ ಜಾಗವನ್ನು ಬಿಟ್ಟುಕೊಡಲೇ ಇಲ್ಲ.

ಟೆನಿಸ್‌ನ ರಫೆಲ್ ನಡಾಲ್ ಅವರ ಉದಾಹರಣೆ ಎರಡೂ ಕಡೆಗೆ ಬಳಸಬಹುದು. ಎಡಪಾದದಲ್ಲಿ ಮುಲ್ಲರ್-ವೈಸ್ ಎಂಬ ಹಳೆಯ ಮೂಳೆ ಸಮಸ್ಯೆ. 2022ರ ಫ್ರೆಂಚ್ ಓಪನ್ ಪಂದ್ಯಗಳಿಗೆ ಮೊದಲು ನರಕ್ಕೆ ಇಂಜೆಕ್ಷನ್ ಪಡೆದು, ಪಾದದಲ್ಲಿ ಸ್ಪರ್ಶವೇ ಇಲ್ಲದ ಹಾಗೆ ಆಡಿ, 14ನೆಯ ಬಾರಿ ಗೆದ್ದರು. ವಯಸ್ಸು 36. ಆಗಲೇ ಅವರು, ಹೀಗೆ ಚುಚ್ಚಿಸಿಕೊಂಡು ಮುಂದುವರಿಯಲು ಮನಸ್ಸಿಲ್ಲ ಅಂದರು. ಎಲ್ಲ ಗೊತ್ತಿದ್ದು, ಸ್ವಂತ ವೈದ್ಯರನ್ನು ಇಟ್ಟುಕೊಂಡು, ಬೇಡ ಅನ್ನುವ ಶಕ್ತಿಯೂ ಇರುವ ಒಬ್ಬ ವ್ಯಕ್ತಿ ಮಾಡಿದ ತೀರ್ಮಾನ ಅದು. ಅಂಥವರು ಎಷ್ಟು ಜನ ಇರುತ್ತಾರೆ?

ಒಪ್ಪಿಗೆ ಯಾರದು?

"ಅವನ ಮೈ, ಅವನ ಇಷ್ಟ" ಎಂಬುದು ಪರವಾಗಿರುವವರ ಗಟ್ಟಿ ವಾದ. ಸುಮ್ನೆ ತಳ್ಳಿಹಾಕಬೇಡಿ, ಅಂಕ ಹೋಗುತ್ತದೆ. ಬಾಕ್ಸಿಂಗ್‌ನಲ್ಲಿ ತಲೆಗೆ ಹೊಡೆಸಿಕೊಳ್ಳಲು ಬಿಡುವ ನಾವು ಬೆರಳಿಗೆ ಸೂಜಿ ಬೇಡ ಅನ್ನುವುದು ಹೇಗೆ ಅಂತ ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ.

ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಕಡೆಯ ಸೆವೆನ್ಸ್ ಫುಟ್‌ಬಾಲ್ ನೋಡಿ. ಉಪ್ಪಳದಿಂದ ತೃಕ್ಕರಿಪುರದ ತನಕ ಮಳೆ ನಿಂತ ಮೇಲೆ ಗ್ಯಾಲರಿ ಕಟ್ಟಿ, ಟಿಕೆಟ್ ಇಟ್ಟು ಆಡಿಸುತ್ತಾರೆ. ಏಳು ಜನರ ಈ ಆಟಕ್ಕೆ ಫೀಫಾದ ಮಾನ್ಯತೆ ಇಲ್ಲ. ಆದರೆ ಆಡುವವರಿಗೆ ಪಂದ್ಯದ ಲೆಕ್ಕದಲ್ಲಿ ದುಡ್ಡು ಉಂಟು, ಹಾಗಾಗಿ ಇದೂ ವೃತ್ತಿಪರ ಕ್ರೀಡೆಯೇ. ಆಡಿದರೆ ಸಂಬಳ, ಕೂತರೆ ಇಲ್ಲ. ಕಬಡ್ಡಿಯದೂ ಇದೇ ಕಥೆ. ಒಂದು ಹೊನಲು ಬೆಳಕಿನ ಪಂದ್ಯಾಟದಲ್ಲಿ ನಾನು ಅಂಕಣದ ಬದಿಯಲ್ಲೇ ಕೂತಿದ್ದೆ. ರೈಡರ್‌ನ ಪಾದದ ಗಂಟು ಊದಿಕೊಂಡಿತ್ತು. ಸರ್ಬತ್ತಿನ ಅಂಗಡಿಯಿಂದ ತಂದ ಐಸನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಒತ್ತಿ ಹಿಡಿದಿದ್ದರು. ಅದರ ಮೇಲೆ ಸ್ಪ್ರೇ, ಅದರ ಮೇಲೆ ಕ್ರೇಪ್ ಬ್ಯಾಂಡೇಜ್. ತಂಡದ ಕಡೆಯವರೊಬ್ಬರು ಬಗ್ಗಿ, "ಸೆಮಿಗೆ ಇನ್ನೂ ಹೊತ್ತುಂಟು ಮಾರಾಯ, ಒಂದು ಇಂಜೆಕ್ಷನ್ ಕೊಡಿಸಿ ಕರ್ಕೊಂಡು ಬರ್ತೇನೆ" ಅಂದರು. ಹುಡುಗ ಗಂಟನ್ನು ನೋಡಲಿಲ್ಲ, ಸ್ಕೋರ್ ಬೋರ್ಡ್ ನೋಡಿ ಹೂಂ ಅಂದ. ಅದು ಒಪ್ಪಿಗೆಯೇ, ಕಾಗದದ ಮೇಲೆ ಬರೆಸಿಕೊಂಡಿದ್ದರೂ ಸಹಿ ಹಾಕುತ್ತಿದ್ದ. ಆದರೆ ಅವನ ಮುಂದೆ ಇದ್ದದ್ದು ಒಂದೇ ದಾರಿ.

ದೊಡ್ಡ ಲೀಗ್‌ಗಳಲ್ಲಿ ಡಾಕ್ಟರ್ ಇರುತ್ತಾರೆ, ಸ್ಕ್ಯಾನ್ ಇರುತ್ತದೆ. ಆದರೆ ಆ ಡಾಕ್ಟರ್‌ಗೆ ಸಂಬಳ ಕೊಡುವುದು ತಂಡ. ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಎನ್‌ಎಫ್‌ಎಲ್‌ನ ಮಾಜಿ ಆಟಗಾರರು 2014ರಲ್ಲಿ ಕೋರ್ಟಿಗೆ ಹೋದದ್ದು ಈ ತಕರಾರಿನ ಮೇಲೆಯೇ: ಅಪಾಯ ಹೇಳದೆ ನೋವಿನ ಮದ್ದು ಕೊಟ್ಟು ಆಡಿಸಿದರು ಅಂತ. ಅದರಲ್ಲಿ ಕೆಟೊರೊಲ್ಯಾಕ್ ಇಂಜೆಕ್ಷನ್ ಹೆಸರೂ ಇತ್ತು. ಎಲ್ಲ ಸೇರಿ 5 ದಿನಕ್ಕಿಂತ ಜಾಸ್ತಿ ಕೊಡಬಾರದು ಅಂತ ಎಚ್ಚರಿಕೆ ಇರುವ ಮದ್ದು ಅದು. ರಕ್ತಸ್ರಾವ, ಮೂತ್ರಪಿಂಡದ ತೊಂದರೆ ಎರಡೂ ಬರಬಹುದು.

ಮೂತ್ರಪಿಂಡದ ಮಾತು ಬಂದದ್ದಕ್ಕೆ ಇನ್ನೊಂದು ಹೆಸರು. ಕ್ರೊಯೇಷಿಯಾದ ಇವಾನ್ ಕ್ಲಾಸ್ನಿಚ್ ಜರ್ಮನಿಯ ಫುಟ್‌ಬಾಲ್ ಕ್ಲಬ್ ವೆರ್ಡರ್ ಬ್ರೆಮೆನ್‌ಗೆ ಆಡುತ್ತಿದ್ದರು. ಮೂತ್ರಪಿಂಡ ಕೆಟ್ಟು 2007ರಲ್ಲಿ ಕಸಿ ಮಾಡಿಸಿಕೊಂಡರು. ರಕ್ತಪರೀಕ್ಷೆ ಸರಿ ಇಲ್ಲದಿದ್ದರೂ ಕ್ಲಬ್‌ನ ವೈದ್ಯರು ನೋವಿನ ಮದ್ದು ಕೊಡುತ್ತಾ ಹೋದರು ಎಂಬುದು ಅವರ ದೂರು. ಕೇಸು ವರ್ಷಗಟ್ಟಲೆ ಎಳೆದು 2020ರಲ್ಲಿ ರಾಜಿಯಲ್ಲಿ ಮುಗಿಯಿತು. (ಡೈಕ್ಲೋಫೆನಾಕ್ ಕೊಟ್ಟ ದನದ ಹೆಣ ತಿಂದು ನಮ್ಮ ದೇಶದ ರಣಹದ್ದುಗಳು ಸತ್ತದ್ದೂ ಮೂತ್ರಪಿಂಡ ಕೆಟ್ಟೇ. ಜಾನುವಾರುಗಳಿಗೆ ಆ ಮದ್ದನ್ನು 2006ರಲ್ಲಿ ನಿಷೇಧಿಸಿದರು. ಪರೀಕ್ಷೆಗೆ ಬೇಡ, ತಿಳಿದಿರಲಿ ಅಷ್ಟೆ.)

ವಾಡಾದ ಮೂರು ಅಳತೆಗಳು

ಒಂದು ಮದ್ದನ್ನು ಪಟ್ಟಿಗೆ ಸೇರಿಸಲು ವಾಡಾ ನೋಡುವುದು ಮೂರು: ಆಟದ ಸಾಮರ್ಥ್ಯ ಹೆಚ್ಚಿಸುತ್ತದೆಯೇ, ಆರೋಗ್ಯಕ್ಕೆ ಅಪಾಯವೇ, ಕ್ರೀಡೆಯ ಆಶಯಕ್ಕೆ ವಿರುದ್ಧವೇ. ಮೂರರಲ್ಲಿ ಎರಡು ಹೊಂದಿದರೂ ಸೇರಿಸಬಹುದು. ಮರಗಟ್ಟಿಸುವ ಮದ್ದಿನ ಪರ ವಾದಿಸುವವರು ಹೇಳುವುದು, ಇದು ಆಟಗಾರನನ್ನು ಮೊದಲಿದ್ದ ಮಟ್ಟಕ್ಕೆ ತರುತ್ತದೆ ಅಷ್ಟೇ, ಅದರಿಂದ ಮೇಲಕ್ಕೆ ಏರಿಸುವುದಿಲ್ಲ ಅಂತ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಅವತ್ತು ಓಡಲಾಗದವನು ಓಡಿದರೆ ಸಾಮರ್ಥ್ಯ ಹೆಚ್ಚಿದ ಹಾಗೆಯೇ. ಟ್ರಮಡಾಲ್ ಕೂಡ ನೋವನ್ನೇ ಮರೆಸುವುದು, ಅದು ಪಟ್ಟಿ ಸೇರಿತಲ್ಲ? ಆರೋಗ್ಯದ ಅಳತೆಗೆ ವಾಲ್ಟನ್ ಅವರ ಪಾದ ಸಾಕು.

ನಾನು ಬರೆಯುವ ನಿಲುವು ಇದು: ಪೂರ್ತಿ ನಿಷೇಧ ಬೇಡ, ಈಗಿನ ಸ್ವಾತಂತ್ರ್ಯವೂ ಬೇಡ. ಮೈಭಾರ ಹೊರುವ ಕೀಲಿಗೆ, ರಜ್ಜಿಗೆ, ಸ್ಕ್ಯಾನ್ ಆಗದ ಮೂಳೆಗೆ ಪಂದ್ಯದ ದಿನ ಮರಗಟ್ಟಿಸುವ ಇಂಜೆಕ್ಷನ್ ಇರಬಾರದು. ಬೆರಳಿನಂಥ ಜಾಗಕ್ಕೆ ಇರಲಿ, ಆದರೆ ತೀರ್ಮಾನ ತಂಡದ ಸಂಬಳದಲ್ಲಿ ಇಲ್ಲದ ವೈದ್ಯರದ್ದಾಗಲಿ. ಯಾವ ಮದ್ದು, ಎಷ್ಟು, ಎಲ್ಲಿಗೆ ಎಂಬ ಚೀಟಿ ಆಟಗಾರನ ಕೈಗೂ ಸಿಗಲಿ. 18 ತುಂಬದವರಿಗೆ ಯಾವ ಜಾಗಕ್ಕೂ ಬೇಡ.

"ನಿಷೇಧಿಸಿದರೆ ಕದ್ದು ಮಾಡುತ್ತಾರೆ, ಹಿಡಿಯುವುದು ಹೇಗೆ?" ಎಂಬ ಆಕ್ಷೇಪ ಖಂಡಿತ ಬರುತ್ತದೆ. ಉತ್ತರ ಕುದುರೆ ರೇಸಿನಲ್ಲಿ ಇದೆ. ಓಟದ ದಿನ ಕುದುರೆಯ ಮೈಯಲ್ಲಿ ಲಿಗ್ನೊಕೇನ್ ಇರುವಂತಿಲ್ಲ. ಕಾಲು ಮರಗಟ್ಟಿಸಿ ಓಡಿಸಿದರೆ ಮೂಳೆ ಮುರಿದು ಕುದುರೆಯೂ ಬೀಳುತ್ತದೆ, ಸವಾರನೂ ಬೀಳುತ್ತಾನೆ ಅಂತ. ಅದರ ಮೂತ್ರ, ರಕ್ತದಲ್ಲಿ ಈ ಮದ್ದನ್ನು ಪತ್ತೆ ಮಾಡುವ ಪ್ರಯೋಗಾಲಯಗಳು ವರ್ಷಗಳಿಂದ ಆ ಕೆಲಸ ಮಾಡುತ್ತಿವೆ. ಮನುಷ್ಯರ ಮಾದರಿಯಲ್ಲಿ ಹುಡುಕಲು ಹೊಸ ಯಂತ್ರವೇನೂ ಬೇಕಾಗಿಲ್ಲ, ಪಟ್ಟಿಗೆ ಒಂದು ಸಾಲು ಸೇರಬೇಕು ಅಷ್ಟೆ.