ಪದ ಪರಿಚಯ: ಫೈಬ್ರೊಲ್ಯಾಮೆಲ್ಲರ್ ಕಾರ್ಸಿನೋಮ

ಬಯಾಪ್ಸಿ ರಿಪೋರ್ಟಿನಲ್ಲಿ ಈ ಹೆಸರು ಕಂಡರೆ ನಾಲಿಗೆ ತೊಡರುತ್ತದೆ. ಬಿಡಿಸಿ ನೋಡಿದರೆ ಸುಲಭ. ‘ಫೈಬ್ರೊ’ ಅಂದರೆ ನಾರು. ‘ಲ್ಯಾಮೆಲ್ಲಾ’ ಅಂದರೆ ಲ್ಯಾಟಿನ್ನಿನಲ್ಲಿ ತೆಳು ಹಾಳೆ. ಗಡ್ಡೆಯ ಚೂರನ್ನು ಮೈಕ್ರೋಸ್ಕೋಪಿನಲ್ಲಿಟ್ಟರೆ ದಪ್ಪ ದಪ್ಪ ಕ್ಯಾನ್ಸರ್ ಕೋಶಗಳು ಕಾಣುತ್ತವೆ. ಅವುಗಳ ನಡುವೆ ನಾರಿನ ಪಟ್ಟಿಗಳು, ಚಿರೋಟಿಯ ಪದರದ ಹಾಗೆ. ಕಂಡದ್ದನ್ನೇ ಹೆಸರು ಮಾಡಿದ್ದಾರೆ.

ಇದು ಲಿವರಿನ ಅಪರೂಪದ ಕ್ಯಾನ್ಸರ್. 1956ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಹ್ಯೂ ಎಡ್ಮಂಡ್ಸನ್ ಇದನ್ನು ಮೊದಲು ವಿವರಿಸಿದ್ದು 14 ವರ್ಷದ ಹುಡುಗಿಯಲ್ಲಿ. ವಿಚಿತ್ರ ಇರುವುದು ಆ ವಯಸ್ಸಿನಲ್ಲೇ. ಲಿವರ್ ಕ್ಯಾನ್ಸರ್ ಅಂದಕೂಡಲೇ ನಮಗೆ ಕುಡಿತ, ಹೆಪಟೈಟಿಸ್, ಸಿರೋಸಿಸ್ ನೆನಪಾಗುತ್ತವೆ ಅಲ್ವಾ? ಇಲ್ಲಿ ಸಾಮಾನ್ಯವಾಗಿ ಅವು ಯಾವುವೂ ಇರುವುದಿಲ್ಲ. ಬರುವುದು ಜಾಸ್ತಿ ಹದಿಹರೆಯದವರಿಗೆ, ಯುವಕ ಯುವತಿಯರಿಗೆ. ಗಡ್ಡೆ ಬಿಟ್ಟರೆ ಉಳಿದ ಲಿವರ್ ಚೆನ್ನಾಗಿಯೇ ಇರುತ್ತದೆ. ಲಿವರ್ ಕ್ಯಾನ್ಸರಿಗೆಂದು ಮಾಡಿಸುವ ಎಎಫ್‌ಪಿ ರಕ್ತ ಪರೀಕ್ಷೆಯೂ ಹೆಚ್ಚಾಗಿ ನಾರ್ಮಲ್ ಬರುತ್ತದೆ. ಹೊಟ್ಟೆನೋವು, ಸುಸ್ತು, ತೂಕ ಇಳಿಯುವುದು, ಸಾಮಾನ್ಯವಾಗಿ ಇಂಥವೇ ಲಕ್ಷಣ. ಹದಿನೆಂಟರ ಹುಡುಗ ಹೊಟ್ಟೆನೋವು ಅಂದರೆ ‘ಗ್ಯಾಸ್ ಇರಬೇಕು, ಸುಮ್ನೆ ಮಲ್ಕೋ’ ಅನ್ನುವವರೇ ನಾವು. ಪತ್ತೆಯಾಗುವ ಹೊತ್ತಿಗೆ ಎಷ್ಟೋ ಜನರಲ್ಲಿ ಗಡ್ಡೆ ದೊಡ್ಡದಾಗಿ, ದುಗ್ಧಗ್ರಂಥಿಗಳಿಗೂ (ಲಿಂಫ್ ನೋಡ್) ಹರಡಿರುತ್ತದೆ.

ಸ್ಕ್ಯಾನಿನಲ್ಲಿ ಗಡ್ಡೆಯ ನಡುವೆ ಗಾಯದ ಕಲೆಯಂಥ ಗುರುತು ಕಾಣಬಹುದು. ತೊಂದರೆ ಏನೆಂದರೆ, ಎಫ್‌ಎನ್‌ಎಚ್ ಎಂಬ ನಿರುಪದ್ರವಿ ಗಡ್ಡೆಯಲ್ಲೂ ಅಂಥದ್ದೇ ಕಲೆ ಇರುತ್ತದೆ. ಎಂಆರ್‌ಐ ಒಂದಷ್ಟು ವ್ಯತ್ಯಾಸ ತೋರಿಸುತ್ತದೆ. ಅನುಮಾನ ಉಳಿದರೆ ಬಯಾಪ್ಸಿ.

2014ರಲ್ಲಿ ಈ ಕ್ಯಾನ್ಸರಿನ ಮೂಲದ ಬಗ್ಗೆ ಒಂದು ಗಟ್ಟಿ ಸುಳಿವು ಸಿಕ್ಕಿತು. 19ನೇ ಕ್ರೋಮೋಸೋಮಿನ ಒಂದು ತುಂಡು ಕಳಚಿಹೋಗಿ, ಡಿಎನ್‌ಎಜೆಬಿ1 ಮತ್ತು ಪಿಆರ್‌ಕೆಎಸಿಎ ಎಂಬ ಎರಡು ಜೀನ್‌ಗಳು ಅಂಟಿಕೊಂಡಿರುತ್ತವೆ. ಇದು ಹುಟ್ಟಿನಿಂದ ಬಂದದ್ದಲ್ಲ, ಗಡ್ಡೆಯ ಕೋಶಗಳಲ್ಲಿ ಮಾತ್ರ ಇರುವಂಥದ್ದು. ಲಿವರ್ ಗಡ್ಡೆಯಲ್ಲಿ ಈ ಜೋಡಿ ಕಂಡರೆ ರೋಗ ಬಹುತೇಕ ಖಚಿತ. ಇದನ್ನು ಕಂಡುಹಿಡಿದ ನ್ಯೂಯಾರ್ಕಿನ ತಂಡದಲ್ಲಿ ಎಲಾನಾ ಸೈಮನ್ ಎಂಬ ಹೈಸ್ಕೂಲು ಹುಡುಗಿಯೂ ಇದ್ದಳು. 12ನೇ ವಯಸ್ಸಿನಲ್ಲಿ ಅವಳಿಗೇ ಈ ಕ್ಯಾನ್ಸರ್ ಆಗಿತ್ತು!

ಚಿಕಿತ್ಸೆಯಲ್ಲಿ ಮುಖ್ಯವಾದದ್ದು ಆಪರೇಷನ್. ಗಡ್ಡೆ ಇರುವ ಭಾಗವನ್ನೂ ಸುತ್ತಲಿನ ದುಗ್ಧಗ್ರಂಥಿಗಳನ್ನೂ ತೆಗೆಯುತ್ತಾರೆ. ಉಳಿದ ಲಿವರ್ ಆರೋಗ್ಯವಾಗಿರುವುದರಿಂದ ದೊಡ್ಡ ಭಾಗ ತೆಗೆದರೂ ಅದು ಮತ್ತೆ ಬೆಳೆದುಕೊಳ್ಳುತ್ತದೆ. ಆದರೆ ಈ ಕ್ಯಾನ್ಸರ್ ಮರುಕಳಿಸುವುದು ಹೆಚ್ಚು. ಆಗ ಮತ್ತೆ ಆಪರೇಷನ್ ಮಾಡುವುದೂ ಉಂಟು. ಆಪರೇಷನ್ ಆಗದಿದ್ದಾಗ ಕೀಮೋ, ಇಮ್ಯುನೋಥೆರಪಿ ಕೊಟ್ಟು ನೋಡುತ್ತಾರೆ. ಎಲ್ಲರಿಗೂ ಒಪ್ಪುವ ಒಂದೇ ಔಷಧಿ ಇನ್ನೂ ಇಲ್ಲ.

ಮನೆಯವರು ನೆನಪಿಡಬೇಕಾದ ವಿಷಯ ಇನ್ನೊಂದಿದೆ. ರೋಗ ಹರಡಿದ ಕೆಲವರ ರಕ್ತದಲ್ಲಿ ಅಮೋನಿಯ ಏರುತ್ತದೆ. ರೋಗಿ ಇದ್ದಕ್ಕಿದ್ದಂತೆ ಗಲಿಬಿಲಿಗೊಂಡು ಏನೇನೋ ಮಾತಾಡಿದರೆ, ತೂಕಡಿಸುತ್ತಲೇ ಇದ್ದರೆ, ಅದು ಬರೀ ಸುಸ್ತು ಅಂದುಕೊಳ್ಳಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ದು, ಅಮೋನಿಯ ಪರೀಕ್ಷೆ ಮಾಡುತ್ತೀರಾ ಎಂದು ಬಾಯಿಬಿಟ್ಟು ಕೇಳಿ.