ಕೆರೆಯ ಬೆಲೆ ಮತ್ತು ಕೆರೆಯ ಕೆಲಸ

ಬೆಂಗಳೂರಿನಲ್ಲಿ ಜೀವನದಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿಗೆ ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಮೇಲಕ್ಕೆ ಪಂಪ್ ಮಾಡಿ ತರಬೇಕು. ಅದಕ್ಕೆ ಖರ್ಚಾಗುವ ವಿದ್ಯುತ್ತಿಗೆ ತಿಂಗಳು ತಿಂಗಳು ಬಿಲ್ಲು ಬರುವುದರಿಂದ ಅದರ ಬೆಲೆ ಲೆಕ್ಕಪುಸ್ತಕದಲ್ಲಿರುತ್ತದೆ. ಮಳೆನೀರನ್ನು ತಡೆದು ನಿಲ್ಲಿಸಿ, ನೆಲಕ್ಕಿಳಿಸಿ, ಸುತ್ತಲಿನ ಕೊಳವೆಬಾವಿಗಳಿಗೆ ಜೀವ ಕೊಡುವ ಕೆರೆಯ ಕೆಲಸ ಮಾತ್ರ ಯಾವ ಪುಸ್ತಕದಲ್ಲೂ ಇರುವುದಿಲ್ಲ. ನಿಸರ್ಗ ಮನುಷ್ಯನಿಗೆ ಮಾಡಿಕೊಡುವ ಇಂತಹ ಕೆಲಸಗಳನ್ನು ಪರಿಸರ ವ್ಯವಸ್ಥೆಯ ಸೇವೆಗಳೆಂದು ಗುರುತಿಸಿ, ಅವಕ್ಕೆ ಬೆಲೆ ಕಟ್ಟುವ ಪ್ರಯತ್ನ ಹಲವು ದಶಕಗಳಿಂದ ನಡೆದಿದೆ.

1997ರಲ್ಲಿ ಪರಿಸರ ಅರ್ಥಶಾಸ್ತ್ರಜ್ಞ ರಾಬರ್ಟ್ ಕಾಸ್ಟಾಂಜಾ ಮತ್ತು ಸಂಗಡಿಗರು ಇಡೀ ಭೂಮಿಯ ಇಂತಹ ಸೇವೆಗಳ ವಾರ್ಷಿಕ ಮೌಲ್ಯ ಸರಾಸರಿ 33 ಲಕ್ಷ ಕೋಟಿ ಡಾಲರ್ ಎಂದು ಅಂದಾಜಿಸಿದರು. ಅದು ಆಗಿನ ಜಗತ್ತಿನ ಒಟ್ಟು ಉತ್ಪನ್ನಕ್ಕಿಂತ ಹೆಚ್ಚು. ಅನಂತವನ್ನು ತೀರಾ ಕಡಿಮೆ ಅಂದಾಜು ಮಾಡಿದ ಲೆಕ್ಕವಿದು ಎಂದು ಅರ್ಥಶಾಸ್ತ್ರಜ್ಞ ಮೈಕೆಲ್ ಟೋಮನ್ ಚುಚ್ಚಿದ್ದರಲ್ಲಿ ಹುರುಳಿತ್ತು, ಏಕೆಂದರೆ ಗಾಳಿ, ನೀರು, ಮಣ್ಣು ಇಲ್ಲದ ಭೂಮಿಯಲ್ಲಿ ಡಾಲರನ್ನು ಎಣಿಸಲು ಯಾರೂ ಉಳಿದಿರುವುದಿಲ್ಲ. ಇಂತಹ ಒಟ್ಟು ಮೊತ್ತದಿಂದ ಜನರ ಗಮನ ಸೆಳೆಯಬಹುದು, ಆದರೆ ಯಾವ ತೀರ್ಮಾನವನ್ನೂ ಮಾಡಲಾಗದು. ಅಂಕಿ ಕೆಲಸಕ್ಕೆ ಬರುವುದು ಇದು ಬೇಕೋ ಅದು ಬೇಕೋ ಎಂಬ ನಿರ್ದಿಷ್ಟ ಪ್ರಶ್ನೆ ಎದುರಾದಾಗ. ಅದೇ 1997ರಲ್ಲಿ ನ್ಯೂಯಾರ್ಕ್ ನಗರ ಅಂತಹ ತೀರ್ಮಾನವೊಂದನ್ನು ಮಾಡಿತು. ನೂರಾರು ಕೋಟಿ ಡಾಲರ್ ಸುರಿದು ನೀರು ಸೋಸುವ ಸ್ಥಾವರ ಕಟ್ಟುವ ಬದಲು, ನೀರು ಹರಿದುಬರುವ ಕ್ಯಾಟ್‌ಸ್ಕಿಲ್ ಬೆಟ್ಟಪ್ರದೇಶದ ಕಾಡನ್ನೂ ಅಲ್ಲಿನ ರೈತರ ಕೃಷಿಪದ್ಧತಿಯನ್ನೂ ಕಾಪಾಡಲು ಹಣ ಕೊಡುವುದು ಅಗ್ಗವೆಂದು ಒಪ್ಪಂದ ಮಾಡಿಕೊಂಡಿತು.

ನಮ್ಮ ಕೆರೆಗಳ ಲೆಕ್ಕ ಇಷ್ಟು ಸುಲಭವಲ್ಲ. ಬೆಳಗಿನ ಹೊತ್ತು ಊರಂಚಿನ ಕೆರೆಯೊಂದರ ಅಂಗಳಕ್ಕೆ ಹೋದರೆ, ಮೊಣಕಾಲುದ್ದದ ನೀರಿನಲ್ಲಿ ನಿಂತು ಕುಡುಗೋಲಿನಿಂದ ಹುಲ್ಲು ಕುಯ್ದು, ಹೊರೆ ಕಟ್ಟಿ, ಮೊಪೆಡ್ಡಿನ ಹಿಂದೆ ಏರಿಸಿಕೊಂಡು ಹೋಗುವ ಹಸು ಸಾಕುವವರು ಸಿಗುತ್ತಾರೆ. ಪಕ್ಕದಲ್ಲೇ ಹೊನಗೊನ್ನೆ ಸೊಪ್ಪು ಬಿಡಿಸುವ ಹೆಂಗಸರಿರುತ್ತಾರೆ. ಈ ಹುಲ್ಲಿಗೆ ಮೇವಿನ ಪೇಟೆದರ ಹಾಕಿದರೆ ಬರುವ ಮೊತ್ತ ಚಿಕ್ಕದು. ಇನ್ನೊಂದು ಕ್ರಮವಿದೆ: ಕೆರೆ ಕಾಣುವ ಫ್ಲ್ಯಾಟಿಗೂ ಕಾಣದ ಫ್ಲ್ಯಾಟಿಗೂ ಇರುವ ಬೆಲೆಯ ಅಂತರವನ್ನೇ ಕೆರೆಯ ಮೌಲ್ಯವೆಂದು ಎಣಿಸುವುದು. ಅರ್ಥಶಾಸ್ತ್ರದಲ್ಲಿ ಇದು ಒಪ್ಪಿತವಾದ ವಿಧಾನ. ಬರುವ ಮೊತ್ತವೂ ದೊಡ್ಡದು. ಆದರೆ ಆ ಲಾಭ ಸೇರುವುದು ಮಾರುವವನ ಜೇಬಿಗೆ. ಎರಡನ್ನೂ ಕೂಡಿ ಒಂದೇ ಮೊತ್ತ ಬರೆದಾಗ ಹಸುವಿನವರು ಲೆಕ್ಕದಿಂದ ಮಾಯವಾಗುತ್ತಾರೆ.

ನನ್ನ ತಕರಾರು ಇರುವುದು ಇಲ್ಲಿಯೇ, ಏಕೆಂದರೆ ಯಾವುದನ್ನು ಅಳೆಯುತ್ತೇವೋ ಅದಕ್ಕೆ ತಕ್ಕಂತೆ ಕೆರೆಯ ಆಕಾರವೂ ಬದಲಾಗುತ್ತದೆ. ನೋಟವೂ ವಾಕಿಂಗೂ ಮುಖ್ಯವಾದಲ್ಲಿ ಅಭಿವೃದ್ಧಿಯ ಹೆಸರಿನಲ್ಲಿ ಅಂಚನ್ನು ಅಗೆದು ಕಡಿದಾಗಿಸಿ, ಸುತ್ತ ಏರಿ ಹಾಕಿ, ಬೇಲಿ ಬಿಗಿದು, ಕೆರೆಯನ್ನು ಬಟ್ಟಲಿನಂತೆ ಮಾಡುತ್ತಾರೆ. ಹುಲ್ಲು ಬೆಳೆಯುತ್ತಿದ್ದ, ಉದ್ದಕಾಲಿನ ಹಕ್ಕಿಗಳು ಮೇಯುತ್ತಿದ್ದ ಆಳವಿಲ್ಲದ ಅಂಚು ಇಲ್ಲವಾಗುತ್ತದೆ. ಆ ಅಂಚೇ ಹರಿದುಬರುವ ಹೂಳನ್ನೂ ಕೊಳೆಯನ್ನೂ ತಡೆಯುತ್ತಿತ್ತು.

ಅಂಚಿನ ಗಿಡಗಳು ಮಾಡುವ ಕೆಲಸವನ್ನು ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ನೋಡಬಹುದು. ಅಲ್ಲಿ ಕೊಳಚೆನೀರಿನ ಶುದ್ಧೀಕರಣ ಘಟಕದಿಂದ ಹೊರಬರುವ ನೀರು ನೇರವಾಗಿ ಕೆರೆ ಸೇರದೆ, ಜೊಂಡು ಬೆಳೆದ ಜೌಗಿನ ಮೂಲಕ ಹಾದುಹೋಗುತ್ತದೆ. ಘಟಕ ಸಾವಯವ ಕೊಳೆಯನ್ನು ಬಹುಮಟ್ಟಿಗೆ ತೆಗೆದರೂ ಸಾರಜನಕ ಮತ್ತು ರಂಜಕ ನೀರಿನಲ್ಲಿ ಉಳಿದಿರುತ್ತವೆ. ಇವು ಕೆರೆ ಸೇರಿದರೆ ಪಾಚಿಯೂ ಕಳೆಯೂ ಹಬ್ಬುತ್ತವೆ. ಜೊಂಡು ಇವುಗಳ ಒಂದು ಪಾಲನ್ನು ಹೀರಿಕೊಳ್ಳುತ್ತದೆ, ಬೇರಿನ ಸುತ್ತಲಿನ ಬ್ಯಾಕ್ಟೀರಿಯಾಗಳು ಸಾರಜನಕವನ್ನು ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಆದರೆ ಜೊಂಡನ್ನು ಕಾಲಕಾಲಕ್ಕೆ ಕತ್ತರಿಸಿ ಹೊರಗೆ ಸಾಗಿಸದಿದ್ದರೆ ಅದು ಅಲ್ಲೇ ಕೊಳೆತು, ಹೀರಿದ್ದನ್ನು ನೀರಿಗೆ ವಾಪಸ್ಸು ಬಿಡುತ್ತದೆ. ಬರೀ ನಿಸರ್ಗ ಮಾಡುತ್ತದೆಂದು ನಾವು ಬರೆದುಕೊಳ್ಳುವ ಸೇವೆಯಲ್ಲಿ ಅರ್ಧ ಪಾಲು ಕತ್ತಿ ಹಿಡಿದ ಕೂಲಿಯವನದು. ಹಿಂದೆ ತೂಬು ತೆಗೆದು ಮುಚ್ಚಿ, ಕಾಲುವೆ ನೋಡಿಕೊಂಡು, ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರುಗಂಟಿಗೆ ಊರವರು ದವಸದ ಪಾಲು ಕೊಡುತ್ತಿದ್ದರು.

ಹಾಗಾಗಿ ಕೆರೆಯ ಮೌಲ್ಯಮಾಪನದಲ್ಲಿ ಒಟ್ಟು ಮೊತ್ತದ ಬದಲು ಪ್ರತಿ ಸೇವೆಗೂ ಪ್ರತ್ಯೇಕ ಸಾಲು ಇರಬೇಕು: ಯಾರಿಗೆ ಸಿಗುತ್ತದೆ, ಯಾರು ಕೆಲಸ ಮಾಡುತ್ತಾರೆ, ಕೂಲಿ ಯಾರು ಕೊಡುತ್ತಾರೆ ಎಂದು. ಕೋಲಾರದ ಕೆರೆಗಳಿಗೆ 2018ರಿಂದ ಹರಿಯುತ್ತಿರುವ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರಿಗೂ ಇದೇ ಲೆಕ್ಕ ಬೇಕು. ಅಲ್ಲಿ ಅಂತರ್ಜಲದ ಲಾಭವೂ ರೈತರದೇ, ನೀರಿನ ಗುಣಮಟ್ಟದ ಆತಂಕವೂ ರೈತರದೇ; ಮೊದಲೆರಡು ಹಂತ ದಾಟಿಯೂ ನೀರಿನಲ್ಲಿ ಉಳಿದದ್ದನ್ನು ತೆಗೆಯುವ ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಅವರ ಬೇಡಿಕೆಯ ವೆಚ್ಚ ಕೊಳೆ ಹರಿಸುವ ನಗರದ ಸಾಲಿನಲ್ಲಿ ಸೇರಬೇಕು.